ಸಣ್ಣ ಡಿಸ್ಕಿನ ಸಾಕ್ಷಿ

ಕಂಪ್ಯೂಟರ್ ಡಬ್ಬಿಯ ಪಕ್ಕದ ತಗಡು ತೆಗೆದಾಗ ಒಳಗೆ ಹಾರ್ಡ್ ಡಿಸ್ಕ್ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ವೈರುಗಳು ಜೋತುಬಿದ್ದಿದ್ದವು.

ಶುಕ್ರವಾರ ಸಂಜೆ. ಸೊಲ್ಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಚಾದರ ಕಾರ್ಖಾನೆ. ಕಳವು ಮೊದಲು ನೋಡಿದವಳು ರೂಪಾಲಿ, ಅಲ್ಲಿ ಚಾದರಗಳ ಡಿಸೈನ್ ಬರೆಯುವ ಹುಡುಗಿ. ಚೀರಿದವಳೂ ಅವಳೇ. ಮಾಲೀಕ ಸಾತಲಿಂಗಪ್ಪ ಓಡಿ ಬಂದರು. ಪ್ಲಗ್ ಕಿತ್ತರು. ಕೋಣೆಗೆ ಬೀಗ ಜಡಿದರು. ಅವರ ತಂದೆಯ ಕಾಲದ ಡಿಸೈನುಗಳೆಲ್ಲ ಆ ಡಿಸ್ಕಿನಲ್ಲಿದ್ದವು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಪೊಲೀಸರು ಬರುವ ಮೊದಲೇ ಸಾತಲಿಂಗಪ್ಪ ಕಳ್ಳಿಯನ್ನು ಕಂಡುಹಿಡಿದಿದ್ದರು. ಪಾಳಿ ಬಿಟ್ಟು ಹೊರಟಿದ್ದ ಮಗ್ಗದ ಮಂದಿಯ ಮುಂದೆ ಕೂಗಿ ಹೇಳಿಯೂ ಬಿಟ್ಟರು.

"ಈ ರೂಪಾಲೀನ ಕದ್ದಾಳ!"

* * *

ಶನಿವಾರ ಬೆಳಿಗ್ಗೆ ಸಬ್ ಇನ್‌ಸ್ಪೆಕ್ಟರ್ ಸಪ್ನಾ ಜೀಪಿನಿಂದ ಇಳಿದಾಗ ಗೇಟಿನ ಹೊರಗೆ ಒಬ್ಬ ಹೆಂಗಸು ಕೂತಿದ್ದಳು. ರೂಪಾಲಿಯ ತಾಯಿ ಹಣಮವ್ವ. ಬೋರಾಮಣಿಯಲ್ಲಿ ಕುರಿಗಳನ್ನು ಯಾರದೋ ಕೈಗೆ ಒಪ್ಪಿಸಿ ಮೊದಲ ಬಸ್ಸಿಗೆ ಬಂದಿದ್ದಳು.

"ನನ್ನ ಮಗಳನ್ನ ಒಯ್ಯಾಕ ಬಂದೀಯೇನು ತಂಗಿ?"

"ನೋಡಾಕ ಬಂದೀನಿ, ಅವ್ವಾ. ಒಯ್ಯೂದು ಆಮ್ಯಾಲಿನ ಮಾತು."

"ಒಮ್ಮಿ ಒಯ್ದ್ರ ಮುಗೀತು. ನೀ ಬಿಟ್ರೂ ಮಂದಿ ಬಿಡಂಗಿಲ್ಲ. ಕಳ್ಳಿ ಅನ್ನೂ ಹೆಸರು ಆಕಿಗಿಂತ ಮೊದಲ ಊರಿಗೆ ಹೋಗಿ ಕೂಡ್ರತೈತಿ. ಆಮ್ಯಾಲ ಯಾವ ಕಾರ್ಖಾನ್ಯಾಗ ಆಕಿಗೆ ಕೆಲಸ ಕೊಡ್ತಾರ?"

ಮಾತು ಸಪ್ನಾಳಿಗೆ ನಾಟಿತು. ಅವಳೂ ಕಂದಲಗಾಂವದ ಕುರಿಗಾರರ ಮನೆಯವಳೇ. ಹೆಸರು ಕೆಟ್ಟರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಳಗೆ ಸಾತಲಿಂಗಪ್ಪ ಕಾಯುತ್ತಿದ್ದರು. ಪಕ್ಕದಲ್ಲಿ ಅವರ ತಂಗಿಯ ಮಗ ಧನರಾಜ, ಕಾರ್ಖಾನೆಯ ಮ್ಯಾನೇಜರ್. ಮೂಲೆಯಲ್ಲಿ ರೂಪಾಲಿ. ಅತ್ತು ಅತ್ತು ಕಣ್ಣು ಬಾತಿದ್ದವು.

"ಸೀದಾ ಮಾತು ಅದ ಮ್ಯಾಡಮ್," ಎಂದರು ಸಾತಲಿಂಗಪ್ಪ. "ಮಧ್ಯಾಹ್ನ ಪೂರ್ತಿ ಕಂಪ್ಯೂಟರ್ ನಡೀತಿತ್ತು. ಬಾಗಲಾಗ ನಿಂತು ನಾನ ನೋಡೀನಿ. ನಡೀತಿತ್ತು ಅಂದ್ರ ಡಿಸ್ಕ್ ಒಳಗಿತ್ತು. ಆ ಹೊತ್ತಿನ್ಯಾಗ ಖೋಲ್ಯಾಗ ಇದ್ದಾಕಿ ಈಕಿ ಒಬ್ಬಾಕಿ."

"ಡಿಸ್ಕ್ ಇಲ್ಲದ ನಡೆಯಂಗಿಲ್ಲೇನ್ರಿ?"

"ಹೋದ ವರ್ಷ ಅದರ ವೈರ್ ಸಡಲ ಆಗಿತ್ತು. ಕಂಪ್ಯೂಟರ್ ಕಣ್ಣ ತೆರೀಲಿಲ್ಲ."

"ಈಚೆಗೆ ರಿಪೇರಿ ಮಾಡ್ಸೀರೇನು?"

"ಹೋದ ತಿಂಗಳ ಒಂದು ಸಣ್ಣ ಎಸ್‌ಎಸ್‌ಡಿ ಹಾಕ್ಸೀನಿ. ಅಗ್ಗದ್ದು. ಅಕ್ಕಲಕೋಟದ ಅಂಬಾದಾಸ ಬಂದು ಕುಂಡ್ರಿಸ್ಯಾನ. ಮೊದಲ ಚಾಲೂ ಮಾಡಿ ಚಾ ಕುಡದು ಬಂದ್ರೂ ತಿರಗತಿತ್ತು. ಈಗ ಚಿಟಿಕಿ ಹೊಡಿಯೂದ್ರಾಗ ಚಾಲೂ."

"ಅದು ಏನು ಮಾಡ್ತೈತ್ರಿ?"

"ಮಗ್ಗಕ್ಕ ಎಣ್ಣಿ ಬಿಟ್ಟಂಗ. ಹಳೇ ಡಿಸ್ಕ್ ಜೋರಾಗಿ ಓಡ್ತದ."

ಸಪ್ನಾ ತಿದ್ದಲಿಲ್ಲ. ತಿಳಿದವರಂತೆ ಮಾತಾಡುವವರನ್ನು ಅವಳು ತಡೆಯುತ್ತಲೂ ಇರಲಿಲ್ಲ. ಪೊಲೀಸರಿಗೆ ಮುಚ್ಚಿದ ಬಾಯಿಗಿಂತ ತೆರೆದ ಬಾಯಿಯೇ ಲೇಸು.

ಧನರಾಜ ಕೇಳುವ ಮೊದಲೇ ಮೊಬೈಲ್ ಮುಂದೆ ಹಿಡಿದ.

"ನಾ ಮುಂಜಾನೆ ಆ ಕಂಪ್ಯೂಟರಿನ್ಯಾಗ ಬಿಲ್ ಹೊಡದು ಊಟದ ಹೊತ್ತಿಗೆ ಅಕ್ಕಲಕೋಟಕ್ಕ ಹೋದೆ. ಹೆಂಡ್ತಿ ತಂಗಿ ಬಸರಿ, ಆಕಿ ಕುಬಸ ಇತ್ತು. ಫೋಟೋ ನೋಡ್ರಿ. ನಾ ಹೊಂಟಾಗ ಕಂಪ್ಯೂಟರ್ ಚಾಲೂ ಇತ್ತು. ಹೌದಲ್ಲ ಮಾಮಾ?"

"ಹೌದು. ನಾನ ಅಲ್ಲೇ ಇದ್ದೆ."

"ಮುಂಜಾನೆ ರೂಪಾಲಿ ಇರಲಿಲ್ಲೇನು?"

"ಮನಿದೇವ್ರು ಬಿರೋಬಾಗ ನೈವೇದ್ಯ ಅಂತ ಅರ್ಧ ದಿನ ರಜಾ ಕೇಳಿದ್ಲು," ಎಂದರು ಮಾಲೀಕರು. "ಮಧ್ಯಾಹ್ನ ಬಂದ್ಲು."

ಸಾತಲಿಂಗಪ್ಪ ಹಣೆ ಹಿಡಿದುಕೊಂಡರು. "ಹಳೇವು ಹೋದ್ರ ಹೋಗ್ಲಿ. ಕುರಿಹಿಂಡಿನ ಹೊಸ ಡಿಸೈನೂ ಹೋತಲ್ಲ! ದಸರಾಕ್ಕ ಅದನ್ನ ನಂಬಿದ್ದೆ."

"ಅದು ಆ ಡಿಸ್ಕಿನ್ಯಾಗ ಇರಲೇ ಇಲ್ಲ ಮಾಮಾ," ಎಂದ ಧನರಾಜ. "ಈಕಿ ಮೊದಲ ತಗದು ಬ್ಯಾರೆ ಕಡೆ ಇಟ್ಟಾಳ, ಮಾರಾಕ. ಇದನ್ನೂ ಬರಕೋರಿ ಮ್ಯಾಡಮ್."

ಸಪ್ನಾ ರೂಪಾಲಿಯ ಕಡೆ ತಿರುಗಿದಳು. "ಎಲ್ಲಿ ಇಟ್ಟಿದ್ದಿ ಅದನ್ನ?"

ರೂಪಾಲಿ ಮಾಲೀಕರ ಮುಖ ನೋಡಿದಳು. ತಲೆ ತಗ್ಗಿಸಿದಳು. "ಮೀ ಚೋರೀ ನಾಹೀ ಕೇಲೀ, ಮ್ಯಾಡಮ್. ನಾ ಕದ್ದಿಲ್ಲ." ಅಷ್ಟೇ. ಮುಂದೆ ಬಾಯಿ ಬಿಡಲಿಲ್ಲ.

ಕಾನ್‌ಸ್ಟೇಬಲ್ ಕೈಕೋಳ ಮುಟ್ಟಿಕೊಂಡ. ಅವನ ಮಟ್ಟಿಗೆ ಕೇಸು ಮುಗಿದಿತ್ತು. ಸಪ್ನಾ ಮಾತ್ರ ಡಿಸೈನ್ ಕೋಣೆಯ ಬೀಗದ ಕೈ ಇಸಿದುಕೊಂಡಳು. ಕಳ್ಳರನ್ನು ತಟ್ಟೆಯಲ್ಲಿಟ್ಟು ಕೊಟ್ಟರೆ ಅವಳಿಗೆ ಆ ತಟ್ಟೆಯ ಮೇಲೇ ಅನುಮಾನ.

"ಸಂಜಿತನಾ ಯಾರೂ ಹೊರಗ ಹೋಗಬ್ಯಾಡ್ರಿ," ಎಂದಳು. "ನಾ ಅಕ್ಕಲಕೋಟಕ್ಕ ಹೋಗಿ ಬರ್ತೀನಿ."

* * *

ಆ ಡಬ್ಬಿ ಬಿಚ್ಚಲು ಬಲ್ಲವನು ಅಂಬಾದಾಸ. ಅನುಮಾನ ಅವನ ಮೇಲೂ ಬರಬೇಕಾದದ್ದೇ. ಆದರೆ ಶುಕ್ರವಾರ ಇಡೀ ದಿನ ಅವನು ಅಂಗಡಿಯಲ್ಲೇ ಇದ್ದ. ಪಕ್ಕದ ಹೋಟೆಲಿನವನೂ ಎದುರಿನ ದರ್ಜಿಯೂ ಒಂದೇ ಮಾತು ಹೇಳಿದರು.

"ನೀವು ಸಣ್ಣ ಡಿಸ್ಕ್ ಹಾಕೋಮುಂದ ಯಾರಿದ್ರು?"

"ಧನರಾಜ್ ಸೇಠ್ ಬಾಜೂದಾಗ ಕೂತಿದ್ರಿ. ಭಾಳ ಕೇಳಿದ್ರು."

"ಏನಂತ?"

"ದೊಡ್ಡ ಡಿಸ್ಕ್ ತಗದ್ರ ಏನಾಗ್ತದ ಅಂತ."

"ನೀವೇನಂದ್ರಿ?"

"ಅನ್ನೂದೇನದ? ತಗದು ತೋರಿಸಿದೆ."

ಅಲ್ಲಿಂದ ಧನರಾಜನ ಅತ್ತೆ ಸಾವಿತ್ರಿಬಾಯಿಯ ಮನೆ. ಅಳಿಯ ಶುಕ್ರವಾರ ಬಂದದ್ದು ಹೌದು. ಫೋಟೋ ಸುಳ್ಳಲ್ಲ. ಆದರೆ ಅತ್ತೆಗೆ ಕೋಪ ಇಳಿದಿರಲಿಲ್ಲ.

"ಶೇಂಗಾ ಹೋಳಿಗಿ ಮಾಡಿದ್ದೆ. ಎರಡು ಫೋಟೋ ತಗಸ್ಕೊಂಡ, ಲ್ಯಾಪ್‌ಟಾಪ್ ಹಿಡಕೊಂಡು ಮ್ಯಾಲಿನ ಖೋಲಿಗೆ ಹೋದ. ಊಟಕ್ಕ ಕರದ್ರ ಬಾಗಲಾ ತೆರೀಲಿಲ್ಲ. ಇಳದು ಬಂದಾಗ ಮಾರಿ ಗಂಟ ಹಾಕ್ಕೊಂಡಿದ್ದ. ಕುಬಸದ ಮನ್ಯಾಗ ಹಂಗ ಮಾಡ್ತಾರೇನ್ರಿ?"

"ಮಾಡಬಾರದ್ರಿ," ಎಂದಳು ಸಪ್ನಾ ಮನಸಾರೆ. "ಆ ಖೋಲಿ ಸ್ವಲ್ಪ ತೋರಸ್ರಿ."

* * *

ಇಳಿಹೊತ್ತಿಗೆ ಡಿಸೈನ್ ಕೋಣೆಯ ಬೀಗ ತೆರೆಯಿತು. ಸಪ್ನಾ ಎಲ್ಲರನ್ನೂ ಒಳಗೆ ಕರೆದಳು. ಪ್ಲಗ್ ಹಾಕಿದಳು. ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

"ಡಿಸ್ಕ್ ಹೋಗೇದ, ಮ್ಯಾಡಮ್," ಎಂದರು ಸಾತಲಿಂಗಪ್ಪ. "ಏನ್ ಚಾಲೂ ಆಗ್ತದ?"

ಸಪ್ನಾ ಒತ್ತಿದಳು. ಚಿಟಿಕೆ ಹೊಡೆಯುವುದರೊಳಗೆ ಪರದೆ ಬೆಳಗಿತು. ಸಾತಲಿಂಗಪ್ಪ ಪರದೆಯ ಹತ್ತಿರ ಬಗ್ಗಿದರು. ಕಳವಾದ ಮೇಲೆ ಈ ಒಂದು ಬಟನ್ ಒತ್ತಿ ನೋಡಲು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗೊತ್ತಿದ್ದವನು ಸುಮ್ಮನಿದ್ದ.

"ಎಸ್‌ಎಸ್‌ಡಿ ಎಣ್ಣಿ ಅಲ್ರಿ," ಎಂದಳು ಸಪ್ನಾ. "ಅದೂ ಒಂದು ಡಿಸ್ಕ್. ಸಣ್ಣದು, ಆದ್ರ ಚುರುಕು. ಅಂಬಾದಾಸ ವಿಂಡೋಸ್ ಅದರಾಗ ಹಾಕ್ಯಾನ. ಕಂಪ್ಯೂಟರ್ ಚಾಲೂ ಆಗೂದು ಅದರಿಂದ. ದೊಡ್ಡದು ಬರೇ ಗೋದಾಮು. ಗೋದಾಮು ಖಾಲಿ ಆದ್ರೂ ದುಕಾನ್ ಬಾಗಲಾ ತೆರೀತೈತಿ. ಹೋದ ವರ್ಷದ ಮಾತು ಬ್ಯಾರೆ, ಆಗ ಎಲ್ಲಾ ಒಂದರಾಗ ಇತ್ತು."

"ಅಂದ್ರ ಮಧ್ಯಾಹ್ನ ನಡೀತಿದ್ದದ್ದು..."

"ಡಿಸ್ಕ್ ಇಲ್ಲದನ ನಡೀತಿತ್ತು. ಅದು ಮುಂಜಾನೇನ ಹೋಗಿತ್ತು, ರೂಪಾಲಿ ಬರೂಕಿಂತ ಮೊದಲ. ತಗದವ ತಗಡು ಮುಚ್ಚಿ, ನಿಮ್ಮ ಮುಂದ ಕೂತು ಬಿಲ್ ಹೊಡದ. ನಿಮ್ಮ ಕಣ್ಣನ್ನ ಸಾಕ್ಷಿ ಮಾಡ್ಕೊಂಡು ಅಕ್ಕಲಕೋಟಕ್ಕ ಹೋದ."

ಧನರಾಜ ನಗಲು ನೋಡಿದ. "ಅನುಮಾನಕ್ಕ ಏನ್ರಿ, ಯಾರ ಮ್ಯಾಲಾದ್ರೂ ಬರ್ತದ."

"ಪರದೆ ನೋಡ್ರಿ," ಎಂದಳು ಸಪ್ನಾ. "ಇದರ ಮ್ಯಾಲ ಇಟ್ಟದ್ದು ಸಣ್ಣ ಡಿಸ್ಕಿನ್ಯಾಗ ಇರತೈತಿ."

ಪರದೆಯ ನಡುವೆ ಒಂದು ಫೈಲ್ ಇತ್ತು. ಅವಳು ತೆರೆದಳು. ಚಾದರದ ಅಂಚಿನ ಉದ್ದಕ್ಕೂ ಕುರಿಗಳು, ಹುಲ್ಲು, ಹಿಂದೆ ಕೋಲು ಹಿಡಿದ ಒಬ್ಬ ಹೆಂಗಸು. ಅಂಚು ಇನ್ನೂ ಪೂರ್ತಿಯಾಗಿರಲಿಲ್ಲ.

ರೂಪಾಲಿಯ ಬಾಯಿ ಆಗ ಬಿಟ್ಟಿತು. "ಹೋಗಿಲ್ಲಲ್ಲ ಇದು! ನಿನ್ನೆ ಮಧ್ಯಾಹ್ನ ಇದನ್ನ ಬರಿಯಾಕತ್ತಿದ್ದೆರಿ. ಸಂಜಿಗೆ ದೊಡ್ಡ ಡಿಸ್ಕಿಗೆ ಹಾಕಾಕ ಹೋದ್ರ ಡಿಸ್ಕೇ ಕಾಣಲಿಲ್ಲ. ಬಂದ್ ಮಾಡಿ ತಗಡು ತಗದ್ರ ಒಳಗೂ ಇಲ್ಲ. ಎಲ್ಲಾ ದೊಡ್ಡದರಾಗ ಇಡಬೇಕಂತ ಮಾಲಕರ ಹುಕುಮ್ ಐತಿ. ನಾ ಹಿಂಗ ಪರದೆ ಮ್ಯಾಲ ಇಟ್ಕೊಂಡಿದ್ದೆ. ಬೈತಾರಂತ ಯಾರಿಗೂ ಹೇಳಿರಲಿಲ್ಲ."

"ಯಾರಿಗೂ ಹೇಳಿಲ್ಲ," ಸಪ್ನಾ ಧನರಾಜನ ಕಡೆ ತಿರುಗಿದಳು. "ಎಲ್ಲಾರೂ ಅದು ದೊಡ್ಡದರಾಗ ಐತಿ ಅಂತ ತಿಳಿದಿದ್ರು. ನೀವೊಬ್ಬರ 'ಇರಲೇ ಇಲ್ಲ' ಅಂದ್ರಿ. ತೆರದು ಹುಡುಕಿದವಗ ಅಷ್ಟ ಅದು ಗೊತ್ತಿರತೈತಿ. ಹೋಳಿಗಿ ಬಿಟ್ಟು ಹುಡುಕಿದ್ರಿ. ಸಿಗಲಿಲ್ಲ."

ಕಾನ್‌ಸ್ಟೇಬಲ್ ಮೇಜಿನ ಮೇಲೆ ಟವೆಲ್ ಗಂಟೊಂದನ್ನು ಬಿಚ್ಚಿದ. ಒಳಗೆ ಹಾರ್ಡ್ ಡಿಸ್ಕ್. ಅತ್ತೆಯ ಮನೆಯ ಮೇಲಿನ ಕೋಣೆಯ ಅಟ್ಟದಲ್ಲಿ, ಹಾಸಿಗೆಗಳ ಹಿಂದೆ ಸಿಕ್ಕಿತ್ತು.

ಧನರಾಜ ಕುರ್ಚಿ ಎಳೆದು ಕೂತ. ಸೊಲ್ಲಾಪುರದ ಆಚೆ ಅವನು ಗುಟ್ಟಾಗಿ ಸ್ವಂತ ಮಗ್ಗ ಹಾಕುತ್ತಿದ್ದ. ಕುರಿಹಿಂಡಿನ ಚಾದರ ಮೊದಲು ಅವನ ಹೆಸರಿನಲ್ಲಿ ಪೇಟೆಗೆ ಬರಬೇಕಿತ್ತು. ಎಲ್ಲವನ್ನೂ ತಾನೇ ಹೇಳಿದ. ಕೇಳುತ್ತ ಸಾತಲಿಂಗಪ್ಪ ಗೋಡೆಯ ಕಡೆ ತಿರುಗಿ ನಿಂತರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಕಾನ್‌ಸ್ಟೇಬಲ್ ಅವನನ್ನು ಜೀಪಿಗೆ ನಡೆಸಿದ ಮೇಲೆ ಸಾತಲಿಂಗಪ್ಪ ರೂಪಾಲಿಯ ಹತ್ತಿರ ಬಂದರು. "ಸೋಮವಾರದಿಂದ ಕೆಲಸಕ್ಕ ಬಾ, ಮಗಳ."

"ಬರ್ತೀನ್ರಿ. ಮೊದಲ ನೀವು ಬರ್ರಿ."

"ಎಲ್ಲಿಗೆ?"

"ಮಗ್ಗದ ಶೆಡ್ಡಿಗೆ. ಕಳ್ಳಿ ಅಂದದ್ದನ್ನ ಎಲ್ಲಾರೂ ಕೇಳ್ಯಾರ."

ಸಾತಲಿಂಗಪ್ಪ ಮುಂದೆ ನಡೆದರು. ಶೆಡ್ಡಿನಲ್ಲಿ ತಾವೇ ಮೇನ್ ಸ್ವಿಚ್ ಇಳಿಸಿದರು. ಪಾಳಿಯ ನಡುವೆ ಮಗ್ಗಗಳು ಒಮ್ಮೆಲೇ ನಿಂತವು. ಕೆಲಸದವರು ಗಾಬರಿಯಿಂದ ತಿರುಗಿದರು. ಸಪ್ನಾ ಗೇಟಿನಿಂದ ಹಣಮವ್ವನನ್ನು ಕರೆಸಿ ಮುಂದೆ ನಿಲ್ಲಿಸಿದ್ದಳು.

"ರೂಪಾಲಿ ಕಳ್ಳಿ ಅಲ್ಲ," ಎಂದರು ಸಾತಲಿಂಗಪ್ಪ. ದನಿ ಸಣ್ಣದಾಗಿತ್ತು. "ಕದ್ದವ ನನ್ನ ತಂಗಿ ಮಗ. ಆಕಿಗೆ ಅಂದದ್ದು ನನ್ನ ತಪ್ಪು."

ಸಪ್ನಾ ಹಣಮವ್ವನ ಕಡೆ ಬಾಗಿದಳು. "ಕೇಳಿಸ್ತೇನು, ಅವ್ವಾ?"

"ನನಗ ಕೇಳಿಸ್ತು," ಎಂದಳು ಹಣಮವ್ವ. "ಅಗೋ, ಆ ಹಿಂದಿನ ಸಾಲಿನವರಿಗೆ ಕೇಳಿಸಿಲ್ಲ. ಇನ್ನೊಮ್ಮಿ ಹೇಳಾಕ ಹೇಳು."

ಸಾತಲಿಂಗಪ್ಪ ಇನ್ನೊಮ್ಮೆ ಹೇಳಿದರು. ಈ ಸಲ ಜೋರಾಗಿ.