ಲಕ್ಷ್ಮಣನ ಬೇಸ್ ಗಿಟಾರಿಗೊಂದು ವಾಲ್ವ್ ಹೆಡ್

"ಯಾರದು? ಕೇಳದೆ ನಮ್ಮ ಪೆಟ್ಟಿಗೆಗೆ ವೈರು ಚುಚ್ಚಿದ್ದು ಯಾರು?"

ತಮಿಳುನಾಡಿನ ಕಾಮಯಗೌಂಡನ್‌ಪಟ್ಟಿಯ ಮದುವೆ ಚಪ್ಪರದಲ್ಲಿ ರಂಗಮ್ಮಾಳ್ ಕೂಗಿದ ಕೂಗಿಗೆ ಅಡುಗೆಯವರೂ ಇಣುಕಿ ನೋಡಿದರು. ಅವಳ ಅಪ್ಪ ಮೂಕಯ್ಯ ಬಾಡಿಗೆಗೆ ಕೊಟ್ಟಿದ್ದ ಸ್ಪೀಕರ್, ಹಳೇ ಸೀರೆ ಹರಿದಂತೆ ಪರ್ರ್... ಎಂದು ಸದ್ದು ಮಾಡಿ ಸುಮ್ಮನಾಗಿತ್ತು.

ಎದುರಿಗೆ ನಿಂತಿದ್ದವನ ಕೈಯಲ್ಲಿ ಉದ್ದ ಕತ್ತಿನ, ನಾಲ್ಕೇ ತಂತಿಯ ಗಿಟಾರು. ದಪ್ಪ ದಪ್ಪ ತಂತಿಗಳು!

"ಮನ್ನಿಚ್ಚಿಡುಂಗ... ಇದು ಬೇಸ್ ಗಿಟಾರ್..." ಅವನು ತಮಿಳಿನಲ್ಲಿ ಕ್ಷಮೆ ಕೇಳುತ್ತ ತೊದಲಿದ.

"ಮೂತಿ ನೋಡಿದ್ರೆ ಹಾಲು ಕುಡಿಯೋ ಬೆಕ್ಕು. ಮಾಡೋದೆಲ್ಲ ಕೋತಿ ಕೆಲಸ!" ಅವಳು ಮನೆಮಾತಾದ ಕನ್ನಡದಲ್ಲಿ ಗೊಣಗಿದಳು. ದಿಂಡಿಗಲ್ ಪೇಟೆಯ ಪ್ಯಾಂಟು ತೊಟ್ಟವನಿಗೆ ಕನ್ನಡ ಎಲ್ಲಿ ತಿಳಿಯಬೇಕು?

ಅವನ ತುಟಿಯಂಚಿನಲ್ಲಿ ನಗು ಮೂಡಿತು.

"ಬೆಕ್ಕಾ, ಕೋತಿಯಾ? ಏನಾದ್ರೂ ಒಂದು ಹೇಳು ತಾಯಿ. ನಾನೂ ಓಡೈಪಟ್ಟಿ ಕನ್ನಡ ಕವುಂಡರ ಮನೆ ಪಿಳ್ಳೆನೇ."

ಅಯ್ಯೋ ಕಡವುಳೇ! ರಂಗಮ್ಮಾಳಿಗೆ ಆ ಚಪ್ಪರದ ಕಂಬದೊಳಗೇ ಅಡಗಿಬಿಡೋಣ ಎನಿಸಿತು.

ಅವನ ಹೆಸರು ಲಕ್ಷ್ಮಣನ್. ಅಪ್ಪ ಓಡೈಪಟ್ಟಿಯಲ್ಲಿ ದ್ರಾಕ್ಷಿ ಬೆಳೆಯುವವರು. ಇವನು ದಿಂಡಿಗಲ್ಲಿನಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದು, ರಾಜೇಂದ್ರನ್ ಎಂಬಾತನ ಲೈಟ್ ಮ್ಯೂಸಿಕ್ ತಂಡ ಸೇರಿದ್ದ. ಆಡುವ ಕನ್ನಡದಲ್ಲಿ ಅರ್ಧ ತಮಿಳು.

ಅದೇ ವಾರ ಉತ್ತಮಪಾಳಯಂ ಬಸ್‌ಸ್ಟ್ಯಾಂಡ್ ಎದುರಿನ ಮೂಕಯ್ಯನ ಸೌಂಡ್ ಸರ್ವಿಸ್ ಅಂಗಡಿಗೆ ಬಂದ. ಹರಿದ ಸ್ಪೀಕರಿಗೆ ಹೊಸ ಕಾಗದದ ಕೋನ್ ತಂದಿದ್ದ.

"ನಂಗೊಂದು ಹೆಡ್ ಬೇಕು," ಎಂದ.

"ಅದನ್ನೇ ನಾನೂ ಹೇಳೋದು. ಇರೋ ತಲೆ ಕೆಲಸ ಮಾಡ್ತಾ ಇಲ್ಲ."

ಮೂಕಯ್ಯ ನಕ್ಕುಬಿಟ್ಟ. ಲಕ್ಷ್ಮಣನ್‌ಗೂ ನಗು ತಡೆಯಲಾಗಲಿಲ್ಲ.

"ಆಂಪ್ಲಿಫೈಯರ್ ಹೆಡ್! ಸದ್ದು ದೊಡ್ಡದು ಮಾಡೋ, ಗಾಜಿನ ವಾಲ್ವ್ ಇರೋ ಪೆಟ್ಟಿ. ಕೆಳಗಡೆ ಸ್ಪೀಕರ್ ಬೇರೆ, ಮೇಲುಗಡೆ ಇದು ಬೇರೆ. ಬೇಸ್ ತಂತಿ ಭಾರ ತಾಳೋ ಹಂಗೆ ಇರಬೇಕು. ಹಾಡುಕಚೇರಿ ಮಾಡಿಸೋ ಮದುರೈ ಕಾಂಟ್ರಾಕ್ಟರು ನಮ್ ಪಾಟ್ಟು ಕೇಳಾಕೆ ದಿಂಡಿಗಲ್ಲಿಗೆ ಬತ್ತಾರೆ. ಮನಸ್ಸಿಗೆ ಪಿಡಿಸಿದ್ರೆ ವರ್ಷ ಪೂರಾ ಕಚೇರಿ. ಆರಿಸಾಕೆ... ನೀ ಬರಬೇಕು ರಂಗಾ."

ರಂಗಾ! ಅಪ್ಪ ಮಾತ್ರ ಕರೆಯುತ್ತಿದ್ದ ಹೆಸರು ಅವನ ಬಾಯಿಗೆ ಎಷ್ಟು ಸಲೀಸಾಗಿ ಬಂತು...

ಅಪ್ಪನೊಂದಿಗೆ ದಿಂಡಿಗಲ್ ಬಸ್ಸು ಹತ್ತಿದಳು. ಪೊನ್ನುಸಾಮಿಯ ರೇಡಿಯೋ ಅಂಗಡಿಯಲ್ಲಿ ಎರಡು ಹೆಡ್‌ಗಳು ಕಾದಿದ್ದವು. ಒಂದನ್ನು ಪೊನ್ನುಸಾಮಿಯೇ ಕಬ್ಬಿಣದ ಡಬ್ಬಿಯಲ್ಲಿ ಜೋಡಿಸಿದ್ದ. ಇನ್ನೊಂದು ಬೆಟ್ಟದ ಮೇಲಿನ ಟೀ ಎಸ್ಟೇಟ್ ಕ್ಲಬ್ಬಿನಿಂದ ಬಂದದ್ದು. ಚಿನ್ನದ ಬಣ್ಣದ ಬಟ್ಟೆ, ಹೊಳೆಯುವ ಗುಂಡಿಗಳು.

ಲಕ್ಷ್ಮಣನ್ ಮೊದಲು ಕಬ್ಬಿಣದ ಡಬ್ಬಿಗೆ ವೈರು ಕೊಟ್ಟು ಮೀಟಿದ. ಸ್ವರ ನೆಟ್ಟಗೆ, ಬಿಗಿಯಾಗಿ ಬಂತು, ಪಾಠ ಒಪ್ಪಿಸುವ ಹುಡುಗನ ಹಾಗೆ.

ಆಮೇಲೆ ಕ್ಲಬ್ಬಿನ ಹೆಡ್. ಒಳಗೆ ವಾಲ್ವುಗಳು ಮೆಲ್ಲಗೆ ಕಾದು ಕಿತ್ತಳೆ ಬಣ್ಣಕ್ಕೆ ತಿರುಗಿದವು. ಅವನು ದಪ್ಪ ತಂತಿಯನ್ನು ಮುಟ್ಟಿದ ಅಷ್ಟೆ... ನೆಲ ಅವಳ ಅಂಗಾಲಿಗೆ ಕಚಗುಳಿ ಇಟ್ಟಿತು! ಕಾಯಿಸಿದ ಬೆಲ್ಲದ ಪಾಕದಂಥ ನಾದ.

"ಇದೇ!" ಎಂದಳು ಕಣ್ಣು ಮುಚ್ಚಿಕೊಂಡೇ.

"ನಿಜಮಾ? ನಂಗೇನೋ ಇರುಂಬು ಪೆಟ್ಟಿನೇ, ಆ ಕಬ್ಬಿಣದ್ದೇ ಗಟ್ಟಿ ಅನ್ನಿಸ್ತದೆ."

"ಇದನ್ನ ಜೋರು ಇಟ್ಟು ನೋಡಿಲ್ಲ," ಪೊನ್ನುಸಾಮಿಯೂ ತಲೆ ಕೆರೆದುಕೊಂಡ. "ಕ್ಲಬ್ಬಿನ ಮೂಲೇಲಿ ಬಾಳ ಕಾಲ ಬಿದ್ದಿತ್ತು."

"ಗಟ್ಟಿ ಇದ್ರೆ ಸಾಕಾ? ಇದಕ್ಕೆ ಉಸಿರದೆ. ಇದೇ ಇರಲಿ."

ಲಕ್ಷ್ಮಣನ್ ಅವಳ ಮುಖವನ್ನೇ ನೋಡಿದ. "ನೀ ಹೇಳಿದ್ರೆ ಶರಿ."

ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದ. ಅಪ್ಪ ಟೀ ಕುಡಿಯಲು ಹೋದಾಗ ಅವಳ ಮನಸ್ಸು ಒಳಗೇ ಕುಟುಕಿತು.

"ಮದುರೈಯವರು ಒಪ್ಪಿದ್ರೆ, ಆಮೇಲೆ ಮದ್ರಾಸಿಗೇ ಹೊರಟುಬಿಡ್ತೀಯಾ?"

"ಇರಬೌದು."

"ಹಂಗಾದ್ರೆ ಅವ್ರಿಗೆ ನಿಮ್ ಪಾಟ್ಟು ಪಿಡಿಸದೇ ಹೋಗ್ಲಿ!"

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. ಅವನು ಜೋರಾಗಿ ನಕ್ಕ. ಆ ನಗುವನ್ನು ಅವಳು ಊರು ಮುಟ್ಟುವ ತನಕ ಜೋಪಾನವಾಗಿ ಒಯ್ದಳು...

ತಂಡದ ಪರೀಕ್ಷೆಯ ದಿನ ದಿಂಡಿಗಲ್ಲಿನ ಒಂದು ಕಲ್ಯಾಣ ಮಂಟಪದಲ್ಲಿ ಮೂಕಯ್ಯನದೇ ಮೈಕು. ರಂಗಮ್ಮಾಳ್ ವೇದಿಕೆಯ ಪಕ್ಕದಲ್ಲಿ ಸ್ವಿಚ್‌ಬೋರ್ಡಿನ ಬಳಿ ಕೂತಿದ್ದಳು. ಕಾಂಟ್ರಾಕ್ಟರ್ ಮುಂದಿನ ಕುರ್ಚಿಯಲ್ಲಿ ತಾಳ ಹಾಕುತ್ತಿದ್ದ. ರಾಜೇಂದ್ರನ್ ಕೈ ಎತ್ತಿ ಸನ್ನೆ ಮಾಡಿದ: ಇನ್ನೂ ಜೋರು!

ಲಕ್ಷ್ಮಣನ್ ಗುಂಡಿ ತಿರುಗಿಸಿದ.

ಅವಳ ಮೂಗಿಗೆ ಮೇಣ ಸುಟ್ಟ ವಾಸನೆ ಬಡಿಯಿತು. ತಿರುಗಿ ನೋಡಿದಳು. ಹೆಡ್‌ನ ಹಿಂಬದಿಯಲ್ಲಿ ಒಂದು ವಾಲ್ವಿನೊಳಗಿನ ತಗಡು ಕಮ್ಮಾರನ ಕುಲುಮೆಯ ಕಬ್ಬಿಣದಂತೆ ಕೆಂಪಾಗಿತ್ತು! ಅದಕ್ಕೆ ತಾಕುವಂತೆ ವೇದಿಕೆಯ ಪರದೆ...

"ಲಕ್ಷ್ಮಣಾ!" ಎಂದು ಕೂಗಿದಳು. ಡ್ರಮ್ಮಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಮೈನ್ ಸ್ವಿಚ್ ಎಳೆದುಬಿಟ್ಟಳು.

ಗಿಟಾರು, ಮೈಕು ಎಲ್ಲ ಒಟ್ಟಿಗೆ ಸತ್ತವು. ಹಾಡುತ್ತಿದ್ದವನ ಬಾಯಿ ತೆರೆದೇ ಇತ್ತು. ಕಾಂಟ್ರಾಕ್ಟರ್ ಎದ್ದು, ಶಲ್ಯ ಕೊಡವಿ, ಹೊರಟೇಹೋದ.

"ಎಲ್ಲಾ ಈ ಪೊಣ್ಣಿನಿಂದ!" ರಾಜೇಂದ್ರನ್ ಅವಳತ್ತ ಕೈ ತೋರಿಸಿ ಕಿರುಚಿದ.

ಅವಳು ಲಕ್ಷ್ಮಣನ್ ಕಡೆ ನೋಡಿದಳು. ಇವನಾದರೂ ಏನಾಯಿತೆಂದು ಕೇಳುತ್ತಾನೆ...

ಅವನ ಮುಖ ಬಿಳುಚಿತ್ತು. "ಅವತ್ತು ನೀ ಹೇಳಿದ್ದು ತಮಾಷೆ ಅಲ್ಲವಾ ರಂಗಾ? ನಾ ಹೋಗಬಾರದು ಅಂತಲೇ ಹಿಂಗೆ ಮಾಡಿದ್ಯಾ?"

ರಂಗಮ್ಮಾಳ್ ಸ್ವಿಚ್‌ಬೋರ್ಡು ಬಿಟ್ಟು ಎದ್ದಳು. ಅಪ್ಪನ ಕೈ ಹಿಡಿದು ಹೊರಗೆ ನಡೆದಳು.

ಕೆಲವು ದಿನ ಅಂಗಡಿಯಲ್ಲಿ ರೇಡಿಯೋ ಕೂಡ ಹಾಕಲಿಲ್ಲ. 'ಅವನು ಯೋಚಿಸಿದ್ದೇ ಹಾಗೆ ಅಂದ ಮೇಲೆ, ನಾನು ಹೇಳಿ ಏನು ಬಂತು?' ಎಂದು ತನಗೆ ತಾನೇ ಹೇಳಿಕೊಂಡಳು. ಬಸ್ಸು ನಿಂತಾಗಲೆಲ್ಲ ಮಾತ್ರ ಕಣ್ಣು ಹೊರಗೆ ಓಡುತ್ತಿತ್ತು. ಹಾಳು ಕಣ್ಣು!

ಒಂದು ಬೆಳಿಗ್ಗೆ ದಿಂಡಿಗಲ್ ಬಸ್ಸಿನಿಂದ ಲಕ್ಷ್ಮಣನ್ ಇಳಿದ. ಹೆಗಲ ಮೇಲೆ ಕಬ್ಬಿಣದ ಡಬ್ಬಿ. ಅಂಗಡಿಯೊಳಗೆ ಇಳಿಸಿ, ಬೆವರು ಒರೆಸಿಕೊಳ್ಳದೆ ನಿಂತ.

"ಪೊನ್ನುಸಾಮಿ ಆ ಹೆಡ್ ಬಿಚ್ಚಿದ. ವಾಲ್ವ್ ಗಾಜು ಕರಗಿತ್ತು. ಟ್ರಾನ್ಸ್‌ಫಾರ್ಮರ್ ಕರಿಕಟ್ಟಿತ್ತು. ಇನ್ನೊಂದು ಚೂರು ಹೊತ್ತು ಬಿಟ್ಟಿದ್ರೆ ಪರದೆ ಹತ್ತಿ ಉರೀತಿತ್ತು ಅಂದ. ನನ್ ಬೆನ್ನು ಅದರ ಪಕ್ಕದಲ್ಲೇ ಇತ್ತು ರಂಗಾ..."

ಅವಳು ಬಾಗಿಲ ಕಡೆ ಮುಖ ತಿರುಗಿಸಿದಳು.

"ತಪ್ಪು ಹೆಡ್ ಆರಿಸಿದೆ ಅನ್ನು, ಒಪ್ಕೋತೀನಿ. ಅದು ನನ್ ಕಿವಿ ತಪ್ಪೇ. ಚಂದ ಕೇಳಿ ಸೋತೆ. ಆದ್ರೆ ಮೋಸ ಮಾಡಿದೆ ಅಂದ್ಯಲ್ಲ..."

ಮಾತು ಮುಗಿಯುವ ಮೊದಲೇ ಅತ್ತುಬಿಟ್ಟಳು.

"ಎಲ್ಲರ ಎದುರು ಅಂದೆ. ಎಲ್ಲರ ಎದುರೇ ತಪ್ಪಾಯ್ತು ಅಂತ ಹೇಳಿ ಬಂದೀನಿ. ರಾಜೇಂದ್ರನ್ ಅಣ್ಣ ತಲೆ ತಗ್ಗಿಸಿದ್ರು. ಸುಟ್ಟ ಟ್ರಾನ್ಸ್‌ಫಾರ್ಮರ್ ಎತ್ಕೊಂಡು ಮದುರೈಗೂ ಹೋದೆ. ಕಾಂಟ್ರಾಕ್ಟರು ಈ ಇರುಂಬು ಪೆಟ್ಟಿಲಿ ನಮ್ ಪಾಟ್ಟು ಕೇಳಿದ್ರು."

"ಒಪ್ಪಿದ್ರಾ?" ಅಳುವಿನ ನಡುವೆಯೂ ಕೇಳಿದಳು.

"ಒಪ್ಪಿದ್ರು. ಸೌಂಡ್ ಮೂಕಯ್ಯ ಮಾಮಂದೇ ಇರಬೇಕು ಅಂದೆ. ಅದಕ್ಕೂ ಶರಿ ಅಂದ್ರು." ಅವನ ದನಿ ತಗ್ಗಿತು. "ಅದು ಯಾವಾರದ ಮಾತು. ನಾ ಬಂದಿದ್ದು ಬೇರೆ ಕೇಳಾಕೆ. ಊರೂರು ತಿರುಗೋ ಆಳು ನಾನು. ಮದುವೆ ಆದ್ರೆ ನಂಜೊತೆ ಬತ್ತೀಯಾ?"

ಒಳಗಿನ ಕೋಣೆಯಲ್ಲಿ ಮೂಕಯ್ಯ ಕೆಮ್ಮಿದ. "ಹೆಣ್ಣು ಕೇಳಾಕೆ ಒಬ್ಬರೇ ಬರ್ತಾರಾ ಮಾಪಿಳ್ಳೆ? ಓಡೈಪಟ್ಟಿಗೆ ಹೋಗಿ ನಿಮ್ಮಪ್ಪ, ನಿಮ್ಮವ್ವನ್ನ ಕರ್ಕೊಂಡು ಬಾ."

ಮಾಪಿಳ್ಳೆ! ಅಪ್ಪ ಆಗಲೇ ಅಳಿಯ ಅಂದುಬಿಟ್ಟ! ರಂಗಮ್ಮಾಳ್ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಬತ್ತೀನಿ. ಆದ್ರೆ ಇನ್ನೊಂದು ಸಲ ನನ್ ಮೇಲೆ ಅನುಮಾನ ಬಂದ್ರೆ?"

"ಮೊದಲು ನಿನ್ನೇ ಕೇಳ್ತೀನಿ. ಆಮೇಲೆ ಕೋಪ."

"ಕೇಳಿದ ಮೇಲೂ ಕೋಪಾನಾ?"

"ಇಲ್ಲ ಬುಡು. ಕೋಪ ಪೂರಾ ನೀನೇ ಇಟ್ಕೋ." ಅವನು ಮೊದಲ ಬಾರಿಗೆ ಅವಳ ಕೈ ಹಿಡಿದ. "ನಂಗೆ ನೀ ಸಾಕು ನನ್ ಕಣ್ಣೇ..."

ಕಂಬಂ ಕಡೆಯ ಬಸ್ಸು ಬಾಗಿಲ ಮುಂದೆಯೇ ಹಾರ್ನ್ ಹೊಡೆಯುತ್ತ ಹೋಯಿತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಇನ್ನೊಂದ್ ಸಲ ಹೇಳು," ಎಂದಳು. "ಬಸ್ ಸದ್ದಿಗೆ ಕೇಳಿಸಲಿಲ್ಲ."