ಟವೆಲ್ಲಿನ ಕೆಳಗಿನ ಕೈ

"ಆ ಹೆಣ್ಮಗಳನ್ನ ಒಂದ ಮಾತ ಕೇಳಿದ್ರೇನು?"

ತಾಂಬಾ ಶಾಲೆಯ ಗೇಟಿನಲ್ಲಿ ಧರ್ಮರಾಜ ನಿಂತಿದ್ದ. ಅವರಿಬ್ಬರ ನಿಶ್ಚಿತಾರ್ಥದ ನಂತರ ಟೀಚರ್ ಗೌತಮಿಗೆ ಅವನು ಒಬ್ಬನೇ ಎದುರಾದದ್ದು ಇದೇ ಮೊದಲು!

"ಯಾರನ್ನ?"

"ವಿಡಿಯೋದಾಗ ನಾ ಕೈ ಹಿಡದಾಕಿನ್ನ, ಹೊನ್ನವ್ವನ್ನ. ಹೋಗ್ಲಿ, ನನ್ನನ್ನರ ಕೇಳಿದ್ರೇನು?"

ಇಲ್ಲ... ಕೇಳಿರಲಿಲ್ಲ.

ಅವನು ಬೈಕ್ ತಿರುಗಿಸಿ ಹೋದ. ಅಳು ಬರಬೇಕಿತ್ತು, ಬರಲಿಲ್ಲ. ಹನ್ನೆರಡು ದಿನದಿಂದ ಅವಳ ಮನಸ್ಸು ಮರಗಟ್ಟಿಹೋಗಿತ್ತು.

ಅದಕ್ಕೆ ಕಾರಣ, ಯಾರೋ ಅವಳಿಗೆ ಕಳಿಸಿದ ಒಂಬತ್ತು ಸೆಕೆಂಡಿನ ವಿಡಿಯೋ. ದನದ ಸಂತೆಯಲ್ಲಿ ದಲಾಲಿ ಧರ್ಮರಾಜ, ಟವೆಲ್ ಕೆಳಗೆ ಅವನ ಕೈಯಲ್ಲಿ ಒಬ್ಬ ಹೆಂಗಸಿನ ಕೈ. ಟವೆಲ್ ಮುಚ್ಚಿ, ಬೆರಳು ಒತ್ತಿ ದನದ ಬೆಲೆ ಹೇಳುವ ಪದ್ಧತಿ ಗೌತಮಿಗೆ ಗೊತ್ತಿಲ್ಲದ್ದೇನಲ್ಲ. ಅವಳ ಅಜ್ಜನೂ ದಲಾಲಿ. ಆದರೆ ಅದು ಗಂಡಸರ ವ್ಯವಹಾರ. ಸೆರಗು ಕಂಡದ್ದೇ ತಡ, "ನೋಡ್ರಿ, ಹೆಣ್ಮಕ್ಕಳ ಕೈ ಹಿಡಿಯೋ ದಲಾಲಿ!" ಎಂದು ಬರೆದು ವಾಟ್ಸಾಪ್ ಗುಂಪುಗಳಿಗೆ ಹಾಕಿಬಿಟ್ಟಳು. ಸಂಜೆಗೆ ಅದು ಇಂಡಿ, ಸಿಂದಗಿ ದಾಟಿ ಮುದ್ದೇಬಿಹಾಳ ಮುಟ್ಟಿತು. ಮದುವೆ ನಿಂತುಹೋಯಿತು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ಮಕ್ಕಳಿಂದ ಹತ್ತು ಸಲ ಬರೆಸುವ ಟೀಚರಮ್ಮ ಈಕೆಯೇ!

ಭಾನುವಾರ ಮನಗೂಳಿಗೆ ಹೋಗಿ ಹೊನ್ನವ್ವನ ಮನೆ ಹುಡುಕಿದಳು.

"ಕೈ ಚಾಚಿದಾಕಿ ನಾನ, ತಂಗಿ!" ಹೊನ್ನವ್ವ ಸಿಡುಕಿದಳು. "ಗಂಡ ಸತ್ತಮ್ಯಾಲೆ ನನ್ನ ಎತ್ತಿನ ಬೆಲಿ ಎಲ್ಲಾರೂ ನನ್ನ ಮೈದುನನ ಕೈಗೆ ಹೇಳ್ತಿದ್ರು. ನನ್ನ ಕೈಗೆ ಹೇಳಿದಾವ ಧರ್ಮರಾಜನೊಬ್ಬನ. ಈಗ ಹೆಸರು ಕೆಡತೈತಂತ ಯಾವ ದಲಾಲೀನೂ ನನ್ನ ಹತ್ರ ಬರವಲ್ಲ."

ನಾನು ಇಬ್ಬರ ಬದುಕು ಕೆಡಿಸಿದೆ... ಗೌತಮಿ ಮನಸ್ಸಿನಲ್ಲೇ ಅಂದುಕೊಂಡಳು. ಯಾರದೋ ಸುದ್ದಿ ಓದಿದಂತಿತ್ತು, ನೋಯಲಿಲ್ಲ.

ಹೊನ್ನವ್ವನನ್ನು ಕೇಳಿಕೊಂಡೇ ಆಕೆಯ ಮಾತು ರೆಕಾರ್ಡ್ ಮಾಡಿದಳು. "ತಪ್ಪು ನನ್ನದು" ಎಂದು ಬರೆದು, ತನ್ನ ಹೆಸರು ಹಾಕಿ, ಅದೇ ಗುಂಪುಗಳಿಗೆ ಕಳಿಸಿದಳು. ಮೊದಲಿನದಕ್ಕೆ ಊರೂರೇ ಕುಣಿದಿತ್ತು. ಇದನ್ನು ನೋಡಿದವರು ಬೆರಳೆಣಿಕೆಯಷ್ಟು.

ಮುಂದಿನ ಸಂತೆಗೆ ತಾನೇ ಹೋದಳು. ಧರ್ಮರಾಜ ಬೇವಿನ ಮರದ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಗಿರಾಕಿಗಳೆಲ್ಲ ಬೇರೆಯವರ ಹತ್ತಿರ.

"ಮೊದಲ ನಿಮ್ಮನ್ನ ಕೇಳಬೇಕಾಗಿತ್ರಿ. ಕೇಳಲಿಲ್ಲ, ತಪ್ಪಾತು. ಆ ವಿಡಿಯೋ ನೋಡಿ ಹೊಟ್ಟಿ ಉರೀತು... ಯಾಕಂದ್ರ ನೀವು ನನಗ ಬೇಕಾಗಿದ್ರಿ. ಈಗೂ ಬೇಕು."

ಅವನು ಹೆಗಲ ಮೇಲಿನ ಟವೆಲ್ ತೆಗೆದು ಮಡಚತೊಡಗಿದ.

"ಸಿಟ್ಟು ಐತೇನ್ರಿ?"

"ಐತಿ."

"ಎಷ್ಟ ದಿನ ಇರತೈತಿ?"

"ಗೊತ್ತಿಲ್ಲ." ಅವನು ಸರಿದು ಕಟ್ಟೆಯ ಮೇಲೆ ಜಾಗ ಮಾಡಿದ. "ಮದುವಿ ಆದಮ್ಯಾಲೂ ಒಂದೀಟ ಇರತೈತಿ."

ಇಷ್ಟು ದಿನ ಬಾರದ ಅಳು ಒಮ್ಮೆಲೇ ಬಂತು!

"ಅಳಬ್ಯಾಡ್ರಿ... ಮಂದಿ ನೋಡಾಕತ್ತಾರ. ಯಾರರ ವಿಡಿಯೋ ಮಾಡ್ಯಾರು."

"ಮಾಡ್ಲಿ ಬಿಡ್ರಿ," ಅವಳು ಅವನ ಪಕ್ಕ ಕೂತಳು. "ಯಾರರ ಬಂದು ಕೇಳಿದ್ರ, ಖರೇ ಏನಂತ ಇಬ್ಬರೂ ಕೂಡಿ ಹೇಳೂಣು."