ಉಸಿರಿನ ಪಾಳಿ

ಅವನನ್ನು ಅವಳು ಮೊದಲು ಮುಟ್ಟಿದ್ದು ನಾಡಿ ನೋಡಲು. ಅದೂ ತಪ್ಪು ತಿಳಿದು.

ಶನಿವಾರ ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಫಿಸಿಯೋಥೆರಪಿ ಕೋಣೆಯ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದ ಮನುಷ್ಯನನ್ನು ದಾರಿ ತಪ್ಪಿದ ರೋಗಿಯೆಂದೇ ತುರ್ತು ವಾರ್ಡಿನ ಸಿಸ್ಟರ್ ತಿಳಿದಳು. ಕುರ್ಚಿ ಎಳೆದು ಕೂರಿಸಿ ಮಣಿಕಟ್ಟು ಹಿಡಿದಳು.

“ತಲೆ ಸುತ್ತುತ್ತಾ? ಹೆದರಬೇಡಿ. ಜೊತೇಲಿ ಯಾರಿದಾರೆ?”

“ಯಾರೂ ಇಲ್ಲ. ಹಾಡೋಕೆ ಬಂದೆ.”

ಅಲ್ಲಿ ಹಾಡಲು ಸೇರಿದ್ದ ಇಡೀ ಗುಂಪು ಘೊಳ್ಳೆಂದು ನಕ್ಕಿತು. ಗಂಟಲಿನ ಜೋರಿನಿಂದ ಸೈರನ್ ಎಂದೇ ಹೆಸರಾಗಿದ್ದ ಆಂಬುಲೆನ್ಸ್ ಡ್ರೈವರ್, “ಡ್ಯೂಟಿ ದನಿ! ಸಿಸ್ಟರ್‌ಗೆ ದಂಡ!” ಎಂದು ಕೂಗಿದ.

ಅದು ಆ ಗುಂಪಿನ ಕಟ್ಟಳೆ. ಅಲ್ಲಿ ಹಾಡುತ್ತಿದ್ದವರೆಲ್ಲ ದಿನವಿಡೀ ಬೇರೆಯವರ ನೋವು ಹೊರುವವರು. ಕೆಲಸದಲ್ಲಿ ಬಳಸುವ ಮೆತ್ತನೆಯ ದನಿಯನ್ನು ಬ್ಯಾಗಿನ ಜೊತೆ ಬಾಗಿಲಲ್ಲೇ ಇಟ್ಟು ಒಳಗೆ ಬರಬೇಕು. ಅಪ್ಪಿತಪ್ಪಿ ಬಾಯಿಗೆ ಬಂತೋ, ಒಬ್ಬರೇ ನಿಂತು ಒಂದು ಚರಣ ಹಾಡಬೇಕು. ಅವಳು ಕಿವಿ ಕೆಂಪಾಗಿಸಿಕೊಂಡು ಹಾಡಿದಳು. ಹೊಸಬ ತುಟಿಯ ಒಂದೇ ಕಡೆಯಿಂದ ನಗುತ್ತಿದ್ದುದನ್ನು ನೋಡಲಿಲ್ಲವೆಂದರೆ ಸುಳ್ಳಾದೀತು.

ಬದುಕಿನಿಂದ ಬೇಸತ್ತವರು ಕರೆ ಮಾಡುವ ಸಹಾಯವಾಣಿಯಲ್ಲಿ ಅವನಿಗೆ ಕೆಲಸ. ಸೈರನ್ ಅಲ್ಲೇ ಅವನಿಗೆ ಫೋನಪ್ಪ ಎಂದು ಹೆಸರಿಟ್ಟುಬಿಟ್ಟ. ಹಾಡು ಕಲಿಸುವ ಟೀಚರ್ ಅವನನ್ನು ಸಿಸ್ಟರ್ ಪಕ್ಕ ನಿಲ್ಲಿಸಿದರು.

ಹಾಡಿನ ಕೊನೆಯ ಸಾಲು, ‘ದಡವೇ, ತುಸು ತಾಳು’. ಆ ‘ತಾಳು’ ಮುಗಿಯುವುದೇ ಇಲ್ಲ, ಯಾರ ಎದೆಯಲ್ಲೂ ಅಷ್ಟು ಗಾಳಿ ಇಲ್ಲ.

“ಪಾಳಿ ಹಾಕ್ಕೊಳ್ಳಿ,” ಎಂದರು ಟೀಚರ್. “ಪಕ್ಕದವರು ಉಸಿರು ತಗೊಳ್ಳುವಾಗ ನೀವು ಸ್ವರ ಹಿಡೀಬೇಕು. ಅವರು ಮತ್ತೆ ಸೇರ್ಕೊಂಡ ಮೇಲೆ ನಿಮ್ಮ ಉಸಿರು. ನಡುವೆ ಬಿಟ್ಟುಬಿಟ್ಟೀರಿ, ಜೋಕೆ!”

ಅವನ ಭುಜ ತುಸು ಏರಿದರೆ ಸಾಕು, ಅವಳು ಸ್ವರ ಹಿಡಿಯುತ್ತಿದ್ದಳು. ಅವಳಿಗೆ ಉಸಿರು ಬೇಕಾದಾಗ ಅವನು ಕಣ್ಣಂಚಿನಲ್ಲೇ ‘ತಗೋ’ ಎನ್ನುತ್ತಿದ್ದ. ವಾರವೆಲ್ಲ ಎಲ್ಲರನ್ನೂ ಎತ್ತಿ ಹಿಡಿಯುವವಳನ್ನು ಒಂದು ಗುಟುಕು ಗಾಳಿಯಷ್ಟು ಹೊತ್ತು ಯಾರೋ ಎತ್ತಿ ಹಿಡಿಯುತ್ತಿದ್ದರು. ಅಷ್ಟಕ್ಕೇ ಅವಳ ಕಣ್ಣು ತುಂಬುತ್ತಿತ್ತು.

“ಇವತ್ತು ನಿಮ್ಮ ಉಸಿರು ಬೇಗ ಮುಗೀತು,” ಎಂದ ಒಂದು ದಿನ.

“ನೀವು ನೋಡ್ತಾ ಇದ್ರಲ್ಲ, ಅದಕ್ಕೆ.”

“ನಾನು ಹಾಡಿನ ಹಾಳೆ ನೋಡ್ತಿದ್ದೆ.”

“ಹಾಳೆ ನನ್ನ ಕಿವಿ ಮೇಲಿತ್ತಾ?”

ಫೋನಪ್ಪ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದ. ಮಾತನ್ನೇ ಕಸುಬು ಮಾಡಿಕೊಂಡವನ ಬಾಯಿ ಕಟ್ಟಿದ ಹೆಮ್ಮೆ ಅವಳಿಗೆ ವಾರವಿಡೀ ಸಾಲಿತು.

ಮನೆಯಲ್ಲಿ ಅಕ್ಕ ಬಿಡುತ್ತಾಳೆಯೇ? “ಇಸ್ತ್ರಿ ಬಟ್ಟೆ ಶನಿವಾರ ಮಾತ್ರ ಮೈಮೇಲೆ ಬರುತ್ತೆ. ನೀನು ಹಾಡೋಕೆ ಹೋಗ್ತೀಯೋ ನೋಡೋಕೆ ಹೋಗ್ತೀಯೋ? ಬಾಯಿಬಿಟ್ಟು ಕೇಳೇ ಮಾರಾಯ್ತಿ.”

ಕೇಳಿದರೆ ಇದ್ದದ್ದೂ ಹೋದೀತೆಂಬ ಅಂಜಿಕೆ. ಆ ಒಂದು ಗುಟುಕೂ ಹೋದರೆ ಅವಳನ್ನು ಹಿಡಿಯುವವರು ಇನ್ನಾರಿದ್ದರು? ಆದರೂ ಒಂದು ಶನಿವಾರ ಎಲ್ಲರೂ ಹೋದ ಮೇಲೆ, ಇಬ್ಬರೇ ಕುರ್ಚಿ ಮಡಚುತ್ತಿದ್ದಾಗ, ಕೇಳಿಯೇಬಿಟ್ಟಳು.

“ನಂಗೆ ಶನಿವಾರ ಒಂದೇ ಸಾಲ್ತಿಲ್ಲ. ಮನೇಲೂ ನೀವು ಪಕ್ಕದಲ್ಲಿರಬೇಕು ಅನ್ಸುತ್ತೆ. ನಂಗೆ ನೀವಂದ್ರೆ ತುಂಬಾ ಇಷ್ಟ.”

ಅವನ ಮುಖ ಅರಳಿತು. ಅರಳಿದ್ದನ್ನು ಅವಳು ಕಣ್ಣಾರೆ ಕಂಡಳು. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಇದನ್ನ ಹೇಳೋಕೆ ನಿಮಗೆ ತುಂಬಾ ಧೈರ್ಯ ಬೇಕಾಗಿರಬೇಕು,” ಎಂದ. ಮೆತ್ತಗೆ, ಸಮನಾಗಿ, ಯಾರು ನಂಬರ್ ಒತ್ತಿದರೂ ಸಿಗುವ ದನಿಯಲ್ಲಿ.

ಅವಳ ಮೈ ಉರಿದುಹೋಯಿತು. “ನಾನೇನು ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದ್ನಾ?”

ಅವನು ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟ. “ನನ್ನ ಹೆಂಡತೀನೂ ಇದನ್ನೇ ಕೇಳಿದ್ಲು, ಬಿಟ್ಟು ಹೋಗೋವಾಗ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಅದು ನಾನೇ. ಜಗಳಕ್ಕೂ ಇದೇ ದನಿ, ಮುದ್ದಿಗೂ ಇದೇ ದನಿ. ನಿಮ್ಮ ಪಕ್ಕ ಹಾಡುವಾಗ ಮಾತ್ರ ನಂದು ಅನ್ನೋ ದನಿ ಬರುತ್ತೆ. ಅದನ್ನ ಮನೆಗೆ ತಗೊಂಡು ಹೋದ್ರೆ ಅದೂ ಸತ್ತುಹೋಗುತ್ತೆ, ಸಿಸ್ಟರ್. ನಂಗೆ ಭಯ.”

“ಅಂದ್ರೆ ನಾನು ಶನಿವಾರಕ್ಕೆ ಮಾತ್ರ.”

ಅಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳು.

“ನೋವಾಯ್ತಾ?” ಎಂದು ಅವನು ಕೇಳಿದ.

“ಇರುವೆ ಕಚ್ಚಿದ ಹಾಗೆ, ಅಷ್ಟೇ.” ಸೂಜಿ ಚುಚ್ಚುವ ಮುನ್ನ ಎಲ್ಲ ರೋಗಿಗಳಿಗೂ ಅವಳು ಹೇಳುವ ಸುಳ್ಳು ಅದು.

“ಅದು ಡ್ಯೂಟಿ ದನಿ,” ಎಂದ ಅವನು ಮೆಲ್ಲಗೆ.

“ಹೌದು. ದಂಡ ಬೇಕಾ? ತಗೊಳ್ಳಿ.”

ಅರ್ಧ ಮಡಚಿದ ಕುರ್ಚಿಗಳ ನಡುವೆ ನಿಂತು ಅವಳು ಹಾಡಿದಳು. ಕೊನೆಯ ‘ತಾಳು’ವಿನಲ್ಲಿ ಅವಳ ಉಸಿರು ಮುಗಿಯಿತು. ಮುಗಿದ ಆ ಗಳಿಗೆಯಲ್ಲೇ, ಕೂದಲೆಳೆಯಷ್ಟೂ ತಡವಿಲ್ಲದೆ, ಅವನು ಸ್ವರ ಹಿಡಿದ. ಪ್ರೀತಿ ಇತ್ತು, ಸುಡುಗಾಡು ಪ್ರೀತಿ. ಇದ್ದದ್ದು ಒಂದು ಉಸಿರಿನಷ್ಟೇ ಅಗಲ.

ಇನ್ನು ಅವಳು ಸೇರಿಕೊಳ್ಳಬೇಕು, ಅವನು ಉಸಿರು ಎಳೆದುಕೊಳ್ಳಬೇಕು. ಅವನು ಕಣ್ಣಂಚಿನಲ್ಲಿ ಕರೆದ. ಅವಳು ಎದೆ ತುಂಬ ಗಾಳಿ ತುಂಬಿಕೊಂಡು, ಬಾಯಿ ಮುಚ್ಚಿ ನಿಂತಳು.

ಅವನು ಹಿಡಿದೇ ಇದ್ದ. ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರಾಡಿತು, ಸ್ವರ ದಾರವಾಗಿ ಕಡೆಗೆ ಕಡಿದುಹೋಯಿತು. ಕೆಮ್ಮುತ್ತಾ ಗೋಡೆ ಹಿಡಿದುಕೊಂಡ. ನಾಡಿ ನೋಡಲು ಅವಳ ಬೆರಳು ತಾವಾಗಿಯೇ ಮುಂದೆ ಬಂದವು. ಆ ಬೆರಳುಗಳನ್ನು ಮುಷ್ಟಿ ಕಟ್ಟಿ ಬಾಗಿಲ ಬಳಿ ಹೋಗಿ ಬ್ಯಾಗು ಎತ್ತಿಕೊಂಡಳು.

“ಮುಂದಿನ ಶನಿವಾರ ಸೈರನ್ ಪಕ್ಕ ನಿಂತ್ಕೊಳ್ಳಿ,” ಎಂದಳು. “ಅವರಿಗೆ ಉಸಿರು ಜಾಸ್ತಿ.”